ಇಪ್ಪತ್ತು ಸೆಕೆಂಡಿನ ಬಯಲು

ಫೆಬ್ರವರಿಯ ಒಂದು ಗುರುವಾರ, ಮಧ್ಯಾಹ್ನ ಮೂರು ಗಂಟೆಗೆ ಪೊನ್ನಣ್ಣ ನದಿದಂಡೆಯ ಆಶ್ರಮಕ್ಕೆ ಬಂದ.

ಅವನು ಸೇನೆಗೆ ಲೆಕ್ಕ ಹಾಕಿಕೊಡುವ ಗಣಿತಜ್ಞ. ಅವನಿಗೆ ಗಣಿತ ಕಲಿಸಿದವರು ಅಲ್ಲಿನ ನಿಜಗುಣ ಗುರುಗಳು.

‘ಕೂತುಕೊ,’ ಎಂದರು ಗುರುಗಳು.

‘ಸಮಯವಿಲ್ಲ, ಗುರುಗಳೇ. ಐದು ಗಂಟೆಗೆ ಯೋಜನೆ ಕಳಿಸಬೇಕು. ನಾಳೆ ಬೆಳಿಗ್ಗೆ ಇಪ್ಪತ್ತು ಸೈನಿಕರು ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿಯುತ್ತಾರೆ. ನೀವೊಮ್ಮೆ ನೋಡಿಬಿಡಿ.’

ಅತ್ತಿಂದಿತ್ತ ನಡೆಯುತ್ತಲೇ ವಿವರಿಸಿದ. ಇಳಿಯುವ ಬಯಲು ಚಿಕ್ಕದು. ವಿಮಾನ ಅದನ್ನು ಇಪ್ಪತ್ತು ಸೆಕೆಂಡಿನಲ್ಲಿ ದಾಟುತ್ತದೆ. ಅದರಾಚೆ ಆಳವಾದ ಹೊಳೆ. ಸೆಕೆಂಡಿಗೊಬ್ಬ ಹಾರಿದರೆ ಇಪ್ಪತ್ತೂ ಜನ ಬಯಲಿಗೇ ಇಳಿಯುತ್ತಾರೆ.

‘ಹತ್ತು ಹತ್ತು ಜನರಂತೆ ಎರಡು ಸುತ್ತಿನಲ್ಲಿ ಇಳಿಸಬಹುದಲ್ಲ?’

‘ಎರಡನೆಯ ಸುತ್ತಿಗೆ ಶತ್ರು ಎಚ್ಚೆತ್ತಿರುತ್ತಾನೆ. ಒಂದೇ ಸುತ್ತು ಉತ್ತಮ. ಕಂಪ್ಯೂಟರಿನಲ್ಲಿ ಹತ್ತು ಸಾವಿರ ಸಲ ಹಾರಿಸಿ ನೋಡಿದ್ದೇನೆ. ಗಾಳಿ ಬದಲಿಸಿದೆ, ಎತ್ತರ ಬದಲಿಸಿದೆ, ವೇಗ ಬದಲಿಸಿದೆ.’

‘ಒಬ್ಬ ಒಂದು ಸೆಕೆಂಡ್ ತಡಮಾಡಿದರೆ?’

‘ಸಾಲಿನ ಕೊನೆಯವನು ಹೊಳೆಗೆ ಬೀಳುತ್ತಾನೆ. ಮೈಮೇಲೆ ಮೂವತ್ತು ಕಿಲೋ ಭಾರ. ಮುಳುಗುತ್ತಾನೆ. ಆದರೆ ಯಾರೂ ತಡಮಾಡುವುದಿಲ್ಲ.’

‘ಹತ್ತು ಸಾವಿರ ಸಲದಲ್ಲಿ ಒಬ್ಬನೂ ಬಾಗಿಲಲ್ಲಿ ನಿಲ್ಲಲಿಲ್ಲವೇನಪ್ಪ? ಭಾರಿ ಗಟ್ಟಿಗರು ನಿನ್ನ ಕಂಪ್ಯೂಟರಿನವರು.’

‘ತಮಾಷೆ ಬೇಡಿ, ಗುರುಗಳೇ. ಅವರು ತರಬೇತಾದವರು. ಹಿಂದಿನಿಂದ ಹೆಗಲು ತಟ್ಟಿದ ಕೂಡಲೇ ಹಾರುವುದು ಅವರ ಪದ್ಧತಿ.’

ಗುರುಗಳು ಎದ್ದು ಆಶ್ರಮದ ಮುಂದೆ ನದಿಯ ಮೇಲೆ ಚಾಚಿದ್ದ ಬಂಡೆಯ ಬಳಿಗೆ ನಡೆದರು.

‘ಮೂರು ವರ್ಷ ದಿನವೂ ಇಲ್ಲಿಂದ ಹಾರಿ ಈಜಿದ್ದೀಯ. ನೀನೂ ತರಬೇತಾದವನೇ. ಬಂಡೆ ಹತ್ತು, ಹೆಗಲು ತಟ್ಟಿದ ಕೂಡಲೇ ಹಾರು.’

‘ಈಗಲೇ?’

‘ಐದು ಗಂಟೆಗೆ ಕಳಿಸಬೇಕು ಅಂದೆಯಲ್ಲ.’

ಪೊನ್ನಣ್ಣ ಗಡಿಯಾರ ನೋಡಿದ. ಅದನ್ನು ಬಿಚ್ಚಿಟ್ಟ. ಬೂಟು ಕಳಚಿ ಬಂಡೆಯ ಅಂಚಿನಲ್ಲಿ ನಿಂತ. ನೀರು ಎರಡಾಳು ಕೆಳಗಿತ್ತು.

ಗುರುಗಳು ಹೆಗಲು ತಟ್ಟಿ, ಅವನು ಬಿಚ್ಚಿಟ್ಟ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ನಿಂತರು.

ಅವನು ಕೆಳಗೆ ನೋಡಿದ. ಎಡಗಾಲನ್ನು ಸ್ವಲ್ಪ ಸರಿಸಿದ. ಉಸಿರೆಳೆದುಕೊಂಡ. ಮತ್ತೆ ಕೆಳಗೆ ನೋಡಿದ.

ಹಾರಿದ.

ಮೇಲೆದ್ದವನು ಕೆಮ್ಮುತ್ತ ಬಂಡೆಯ ಬುಡ ಹಿಡಿದುಕೊಂಡ.

‘ಕಾಲು ಜಾರುವಂತಿತ್ತು, ಅಷ್ಟೇ! ಬಹಳ ಹೊತ್ತು ನಿಂತೆನೇ, ಗುರುಗಳೇ?’

ಗುರುಗಳು ಅವನ ಬೂಟುಗಳನ್ನು ಜೋಡಿಸಿಟ್ಟರು.

‘ಹೊಳೆಗೆ ಬಿದ್ದವರು ಆರು ಜನ.’