ರಾಜನ ಹೆಸರು ಒಂಚೂರು ದೊಡ್ಡದಾದ ಕತೆ

ಮತ್ತೆ ಬಾಯಿ ಹಾಕಿದಿರಾ? ಕತೆ ಇನ್ನೂ ಶುರುವೇ ಆಗಿಲ್ಲ, ಆಗಲೇ ಒಬ್ಬಳಿಗೆ ನೀರು ಬೇಕು, ಒಬ್ಬನಿಗೆ ಉಚ್ಚೆ ಬಂತು, ಪಕ್ಕದ ಮನೆಯವರಿಗೆ ಹೆಪ್ಪಿಗೆ ಮೊಸರು ಬೇಕು. ನೀರು ಕೊಟ್ಟೆ, ಮೊಸರೂ ಕೊಟ್ಟು ಬಂದೆ. ಇನ್ನು ಈ ತಟ್ಟೆಯ ಅನ್ನ ಮುಗಿಯುವ ತನಕ ಯಾರೂ ಏಳುವ ಹಾಗಿಲ್ಲ. ಬಾಯಿ ತೆರೆಯುವುದಿದ್ದರೆ ತುತ್ತಿಗೆ ಮಾತ್ರ ತೆರೆಯಿರಿ. ಸರಿ, ಮೊದಲಿನಿಂದ ಹೇಳುತ್ತೇನೆ.

ಒಂದಾನೊಂದು ಊರಿನಲ್ಲಿ ಬೋರಮ್ಮ ಅಂತ ಒಬ್ಬಳಿದ್ದಳು. ಟೀ ಶರ್ಟಿನ ಮೇಲೆ ಅಕ್ಷರ, ಚಿತ್ರ ಅಚ್ಚು ಹಾಕಿ ಮಾರುವುದು ಅವಳ ಕಸುಬು. ಅಂಗಡಿ ಅಂದರೆ ಅವಳ ನಡುಮನೆಯೇ. ಯಜಮಾನಿಯೂ ಅವಳೇ, ಆಳೂ ಅವಳೇ. ಆಳು ತಪ್ಪು ಮಾಡಿದರೆ ಯಜಮಾನಿ ಬೈಯುತ್ತಿದ್ದಳು. ಯಜಮಾನಿ ಬೈದರೆ ಆಳು ಮುಖ ಊದಿಸಿಕೊಳ್ಳುತ್ತಿದ್ದಳು. ಇಬ್ಬರಿಗೂ ಅಡುಗೆ ಮಾಡಿ ಹಾಕುವವಳು ಮೂರನೆಯವಳು. ಅವಳೂ ಬೋರಮ್ಮನೇ.

ಗಂಡ ಎಲ್ಲಿದ್ದ ಅಂತೀಯಾ? ಇದ್ದ. ಜಾಹೀರಾತಿನ ಕೆಲಸ ನೋಡಿಕೊಳ್ಳುತ್ತಿದ್ದ. ಅಂದರೆ ಜಗಲಿಯ ಮೇಲೆ ಕೂತು, ಹೋಗಿ ಬರುವವರಿಗೆಲ್ಲ, "ನಮ್ಮವಳು ಬಿಡುವಾಗೇ ಇದ್ದಾಳೆ, ಒಳಗೆ ಹೋಗಿ" ಅನ್ನುತ್ತಿದ್ದ.

ಆ ಅಚ್ಚಿನ ಕೆಲಸ ಹೇಗೆ ಗೊತ್ತಾ? ಮರದ ಚೌಕಟ್ಟಿಗೆ ತೆಳ್ಳನೆಯ ಜಾಲರಿ ಬಟ್ಟೆ ಬಿಗಿದಿರುತ್ತಾರೆ. ಅದಕ್ಕೆ ಸ್ಕ್ರೀನ್ ಅಂತಾರೆ. ಚಿತ್ರ ಇರುವ ಕಡೆ ಮಾತ್ರ ಜಾಲರಿಯ ಕಣ್ಣು ತೆರೆದಿರುತ್ತೆ. ಮೇಲೆ ಬಣ್ಣ ಸುರಿದು, ಬಗ್ಗಿ ನಿಂತು, ರಬ್ಬರ್ ಪಟ್ಟಿಯಿಂದ ಒಂದೇ ಉಸಿರಿಗೆ ಎಳೆಯಬೇಕು. ಬಣ್ಣ ಕೆಳಗಿನ ಅಂಗಿಗೆ ಇಳಿಯುತ್ತೆ. ಬಣ್ಣ ಸುರಿದ ಮೇಲೆ ಮಾತ್ರ ಎದ್ದು ಹೋಗಬಾರದು. ಹೋದರೆ ಬಣ್ಣ ಜಾಲರಿಯ ಕಣ್ಣಲ್ಲೇ ಒಣಗಿ ಕೂರುತ್ತೆ. ಆಮೇಲೆ ಸೀಮೆಎಣ್ಣೆ ಹಾಕಿ ಉಜ್ಜಿದರೂ ಬಿಡುವುದಿಲ್ಲ. ಒಣಗಿದಷ್ಟು ಚಿತ್ರ ಹೋಯಿತು ಅಂತಲೇ ಲೆಕ್ಕ.

ಬೋರಮ್ಮನಿಗೆ ಕೆಂಪಿ ಅಂತ ಮಗಳಿದ್ದಳು. ಊರಿನವರ ಎದೆಯ ಮೇಲೆಲ್ಲ ಅಮ್ಮನ ಕೈಯ ಅಚ್ಚು, ಈ ಮಗುವಿನ ಎದೆಯ ಮೇಲೆ ಮಾತ್ರ ಸಾರಿನ ಕಲೆ. ಒಂದು ದಿನ ಅವಳು ಹಟ ಹಿಡಿದಳು.

"ಅಮ್ಮ, ನಂಗೂ ಒಂದು ಅಂಗಿ ಮಾಡಿಕೊಡು."

"ಏನು ಹಾಕಲಿ?"

"ಮಲಗಿರೋ ಎಮ್ಮೆ."

ಯಾಕೆ ಅಂದರೆ, ಹಗಲು ಹೊತ್ತಿನಲ್ಲಿ ಆರಾಮಾಗಿ ಮಲಗಿದ್ದವರನ್ನು ಆ ಮಗು ನೋಡಿದ್ದು ಎಮ್ಮೆಯೊಂದನ್ನೇ.

ಬೋರಮ್ಮ ಕೆರೆ ಏರಿಯ ಮೇಲೆ ಮಲಗಿದ್ದ ಒಂದು ಎಮ್ಮೆಯ ಒಪ್ಪಿಗೆ ಕೇಳಿ, ನೇರ ಸ್ಕ್ರೀನಿನ ಮೇಲೇ ಅದರ ಚಿತ್ರ ಬರೆದಳು. ಆ ಊರಿನ ಎಮ್ಮೆಗಳು ಚಿತ್ರಕ್ಕೆ ಒಂದೇ ಸಲ ಒಪ್ಪುತ್ತಿದ್ದವು. ಎರಡನೇ ಸಲ ಕೇಳಿದರೆ "ಬರೆದಾಯ್ತಲ್ಲ" ಅಂತ ಎದ್ದು ಹೋಗುತ್ತಿದ್ದವು. ಹಾಗಾಗಿ ಇರುವುದು ಒಂದೇ ಎಮ್ಮೆ, ಒಂದೇ ಸ್ಕ್ರೀನು. ಬಾಲ, ಕೊಂಬು, ಕಾಲು, ಕಣ್ಣು, ಬಾಯಿ ಎಲ್ಲ ಚೆನ್ನಾಗಿ ಬಂದಿತ್ತು. ಬಾಯಿ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ಸ್ಕ್ರೀನಿನ ಎಮ್ಮೆ ಮಾತಾಡುತ್ತಲೇ ಇತ್ತು.

"ಬೇಗ ಎಳಿ ಕಣವ್ವ. ಅಂಗಿ ಮೇಲೆ ಮಲಗಿದರೆ ಬೆನ್ನು ತಣ್ಣಗಿರುತ್ತೆ" ಅಂದಿತು ಎಮ್ಮೆ.

ಬೋರಮ್ಮ ಮಗಳ ಅಂಗಿ ಹಾಸಿದಳು. ಬಣ್ಣ ಸುರಿದಳು. ಪಟ್ಟಿ ಹಿಡಿದಳು.

ಬಾಗಿಲಲ್ಲಿ ಯಾರೋ ಕೆಮ್ಮಿದರು.

ನೋಡಿದರೆ ಮಂತ್ರಿ. ಬಣ್ಣ ಒರೆಸಿಟ್ಟು ಬರೋಣ ಅಂದರೆ ಆಗುತ್ತಿರಲಿಲ್ಲ. ಮಂತ್ರಿ ಒಮ್ಮೆ ಕೆಮ್ಮಿದರೆ ಕರೆ, ಎರಡು ಸಲ ಕೆಮ್ಮಿದರೆ ಅಪ್ಪಣೆ, ಮೂರನೇ ಸಲಕ್ಕೂ ಬರದಿದ್ದರೆ ರಾಜದ್ರೋಹ. ಬೋರಮ್ಮ ಎದ್ದು ಹೋದಳು.

"ಏನಮ್ಮಾ, ಬಿಡುವಾಗಿದ್ದೀರಂತೆ? ಮಹಾರಾಜರಿಗೆ ಒಂದು ಅಂಗಿ ಆಗಬೇಕು. ಎದೆಯ ಮೇಲೆ ಅವರ ಹೆಸರು ಬರಬೇಕು. ಝಂಪರಾಯ ಅಂತ. ಅಷ್ಟೇ."

"ಕೈತುಂಬ ಕೆಲಸ ಇದೆ ಬುದ್ಧೀ."

"ಸುಮ್ಮನೆ ಮಾಡಿಸುತ್ತಾರಾ? ಅಂಗಿ ಒಪ್ಪಿಗೆಯಾದರೆ, ಒಂದು ಇಡೀ ಮಧ್ಯಾಹ್ನ ಯಾರೂ ನಿಮ್ಮ ಬಾಗಿಲು ತಟ್ಟಬಾರದು ಅಂತ ರಾಜಾಜ್ಞೆ ಮಾಡುತ್ತಾರೆ."

ಬೋರಮ್ಮನ ಕಣ್ಣಲ್ಲಿ ನೀರು ಬಂತು. ವಜ್ರ, ವೈಡೂರ್ಯ ಅಂದಿದ್ದರೆ ಆಗಲ್ಲ ಅಂತ ಹೇಳಿಬಿಡುತ್ತಿದ್ದಳು. ಒಂದು ಇಡೀ ಮಧ್ಯಾಹ್ನ! ಮಗಳ ಅಂಗಿ ಮುಗಿಸಿ, ಉಳಿದ ಹೊತ್ತಿನಲ್ಲಿ ಕಾಲು ಚಾಚಿಕೊಂಡು ಮಲಗಬಹುದು. ಒಪ್ಪಿಕೊಂಡಳು.

ಒಳಗೆ ಬಂದು ನೋಡಿದರೆ ಬಾಲದ ಕಡೆ ಬಣ್ಣ ಒಣಗಿ ಕೂತಿತ್ತು.

"ಬಾಲ ಹೋಯ್ತು. ಹೋಗಲಿ ಬಿಡು" ಅಂದಿತು ಎಮ್ಮೆ. "ಬಾಲ ಇದ್ದದ್ದು ನೊಣ ಓಡಿಸೋಕೆ. ಚಿತ್ರದಲ್ಲಿ ನೊಣ ಎಲ್ಲಿ ಬರುತ್ತೆ?"

ಬೋರಮ್ಮ ಎಮ್ಮೆಯನ್ನು ಗೋಡೆಗೆ ಒರಗಿಸಿ, ರಾಜನ ಅಂಗಿ ಮಾಡಿ ಕಳಿಸಿದಳು. ಎದೆಯ ಮೇಲೆ ಬೆರಳುದ್ದ ಹೆಸರು. ಚೊಕ್ಕವಾಗಿತ್ತು. ಉಸ್ಸಪ್ಪಾ ಅಂತ ಎಮ್ಮೆಯ ಸ್ಕ್ರೀನು ತೆಗೆದು, ಬಣ್ಣ ಸುರಿದು, ಪಟ್ಟಿ ಹಿಡಿದಳು.

ಬಾಗಿಲಲ್ಲಿ ಕೆಮ್ಮು.

"ಅಂಗಿ ತುಂಬಾ ಚೆನ್ನಾಗಿದೆಯಮ್ಮಾ" ಅಂದ ಮಂತ್ರಿ. "ಮಹಾರಾಜರು ಕುಣಿದಾಡಿಬಿಟ್ಟರು. ಏನೂ ಬದಲಾಯಿಸೋದು ಬೇಡ. ಹೆಸರು ಮಾತ್ರ ಒಂಚೂರು ದೊಡ್ಡದಾಗಬೇಕು."

"ಎಷ್ಟು ದೊಡ್ಡದು?"

"ಒಂಚೂರು."

ಒಳಗೆ ಬಂದಾಗ ಕೊಂಬುಗಳು ಹೋಗಿದ್ದವು.

"ನಾನೇನು ಯಾರನ್ನಾದರೂ ತಿವೀಬೇಕಿತ್ತಾ?" ಅಂದಿತು ಎಮ್ಮೆ. ಆದರೆ ದನಿ ಸ್ವಲ್ಪ ಇಳಿದಿತ್ತು.

ಹೆಸರು ಗೇಣುದ್ದವಾಯಿತು. ಮಂತ್ರಿ ಬಂದ. "ಅಬ್ಬಬ್ಬಾ, ಏನು ಕೈಯಮ್ಮಾ ನಿಮ್ಮದು! ಒಂಚೂರು ದೊಡ್ಡದಾದರೆ ಸಾಕು." ಹೆಸರು ಮೊಳದುದ್ದವಾಯಿತು. ಅದಕ್ಕೆ ಎದೆ ಸಾಲಲಿಲ್ಲ. ಎದೆ ಸಾಲದಿದ್ದರೆ ಅಂಗಿ ಅಗಲವಾಗಬೇಕು. ಅಂಗಿ ಅಗಲವಾದರೆ ಹೆಸರು ಚಿಕ್ಕದಾಗಿ ಕಾಣುತ್ತೆ. ಹೆಸರು ಚಿಕ್ಕದಾಗಿ ಕಂಡರೆ ಒಂಚೂರು ದೊಡ್ಡದಾಗಬೇಕು. ಇದರಲ್ಲಿ ಎಲ್ಲಿ ತಪ್ಪಿದೆ ಹೇಳಿ ನೋಡೋಣ? ಎಲ್ಲೂ ಇಲ್ಲ. ಬೋರಮ್ಮನಿಗೂ ಸಿಗಲಿಲ್ಲ.

"ಬುದ್ಧೀ, ಇಷ್ಟು ದೊಡ್ಡ ಅಂಗಿಯನ್ನು ಮಹಾರಾಜರು ತೊಡೋದು ಹೇಗೆ?" ಅಂತ ಒಂದು ಸಲ ಕೇಳಿದಳು.

"ತೊಡೋದು ಆಮೇಲಿನ ಮಾತು. ಮೊದಲು ಒಪ್ಪಿಗೆ ಆಗಲಿ."

ಅಂಗಿ ಚಪ್ಪರದಷ್ಟಾಯಿತು. ಬಟ್ಟೆ ಸಾಲದೆ ಊರಿನವರ ಪಂಚೆ, ಸೀರೆ, ಕಿಟಕಿ ಪರದೆ ಎಲ್ಲ ಅದಕ್ಕೆ ಸೇರಿದವು. ಆಮೇಲೆ ಅಂಗಿ ಊರಿನಷ್ಟಾಯಿತು. ಹರಡಲು ಜಾಗವಿಲ್ಲದೆ ಊರಿನ ಮೇಲೆಯೇ ಹರಡಿದರು. ಊರೆಲ್ಲ ಕತ್ತಲು. ಕುತ್ತಿಗೆಯ ತೂತಿನಿಂದ ಮಾತ್ರ ಒಂದಷ್ಟು ಬಿಸಿಲು ಕೆಳಗೆ ಬೀಳುತ್ತಿತ್ತು. ಹಪ್ಪಳ ಒಣಗಿಸುವವರೆಲ್ಲ ಆ ಜಾಗಕ್ಕೆ ಜುಟ್ಟು ಹಿಡಿದು ಜಗಳವಾಡಿದರು. ಅಂಗಿಯ ಎಡದೋಳಿನ ಕೆಳಗಿನ ಕೇರಿಯವರು ಬಲದೋಳಿನ ಕೆಳಗಿನ ಕೇರಿಗೆ ಹೆಣ್ಣು ಕೊಡುವುದನ್ನು ನಿಲ್ಲಿಸಿದರು. ಬೋರಮ್ಮನ ಗಂಡ ಮಾತ್ರ ಜಗಲಿಯ ಮೇಲೆ ಕೂತು, "ನೆರಳು ಚೆನ್ನಾಗಿದೆ" ಅಂದ.

ಅಂಗಿಯ ಜೊತೆ ರಬ್ಬರ್ ಪಟ್ಟಿಯೂ ದೊಡ್ಡದಾಯಿತು. ಅದನ್ನು ಎಳೆಯಲು ಪಟ್ಟದಾನೆಯನ್ನು ಕಟ್ಟಿದರು. ಆನೆ ಅರ್ಧ ಎಳೆದು, "ನನ್ನ ಕೈಲಾಗಲ್ಲ" ಅಂತ ಕೂತುಬಿಟ್ಟಿತು. ಉಳಿದರ್ಧ ಬೋರಮ್ಮ ಎಳೆದಳು. ಆನೆಗೆ ಕಬ್ಬು ಕೊಟ್ಟರು.

ಅಷ್ಟರಲ್ಲಿ ಗೋಡೆಗೆ ಒರಗಿದ್ದ ಎಮ್ಮೆಗೆ ಕಾಲೂ ಹೋಗಿದ್ದವು, ಕಣ್ಣೂ ಹೋಗಿತ್ತು. ಬೋರಮ್ಮ ಸಿಕ್ಕ ಸಿಕ್ಕ ಬಿಡುವಿನಲ್ಲಿ ಬಣ್ಣ ಸುರಿಯುವಳು, ಪಟ್ಟಿ ಹಿಡಿಯುವಳು, ಕೆಮ್ಮು ಕೇಳುವಳು, ಏಳುವಳು.

"ಈಗ ಏನೂ ಕಾಣಲ್ಲ ಕಣವ್ವ" ಅಂದಿತು ಎಮ್ಮೆ. "ಒಂಥರಾ ಒಳ್ಳೇದೇ. ಆ ಮಂತ್ರಿ ಮೂತಿ ನೋಡೋ ಹಾಗಿಲ್ಲ."

ಕೆಂಪಿ ಬಂದು ಬಂದು ಕೇಳುತ್ತಿದ್ದಳು. "ಅಮ್ಮ, ಆಯ್ತಾ?"

"ಇನ್ನೇನು ಆಯ್ತು ಕಂದ. ರಾಜರದ್ದು ಒಪ್ಪಿಗೆ ಆಗಿಬಿಡಲಿ. ಆಮೇಲೆ ನಮ್ಮನ್ನು ಯಾರೂ ಕೇಳಲ್ಲ."

ಕಡೆಗೆ ಅಂಗಿ ರಾಜ್ಯದಷ್ಟೇ ಅಗಲವಾಯಿತು. ಅಂಚು ಪಕ್ಕದ ರಾಜ್ಯದೊಳಕ್ಕೂ ಒಂದಿಷ್ಟು ಜೋತು ಬಿತ್ತು. ಅಲ್ಲಿಯವರು ಅದಕ್ಕೆ ಕೈ ಒರೆಸಿಕೊಂಡರು. ಝಂಪರಾಯ ತನ್ನ ಹೆಸರು ನೋಡಲು ತಾನೇ ಬಂದ. ಏಣಿ ಹತ್ತಿ ಬಟ್ಟೆಯ ಮೇಲೆ ನಿಂತ. ಆ ಕಡೆ ನೋಡಿದ. ಈ ಕಡೆ ನೋಡಿದ. ಎಲ್ಲಿ ನೋಡಿದರೂ ಬರೀ ಕಪ್ಪು.

"ಎಲ್ಲಿ ನನ್ನ ಹೆಸರು?"

"ಅದರ ಮೇಲೇ ನಿಂತಿದ್ದೀರಿ ಬುದ್ಧೀ. ಝಕಾರದ ಹೊಟ್ಟೆಯ ಮೇಲೆ" ಅಂದಳು ಬೋರಮ್ಮ.

"ಓದೋಕೇ ಆಗ್ತಿಲ್ಲವಲ್ಲ!"

ಮಂತ್ರಿ ಕೆಮ್ಮಿದ. "ಪ್ರಭು, ಒಂಚೂರು ದೊಡ್ಡದು ಮಾಡಿದರೆ..."

ಮನೆಯಲ್ಲಿ ಎಮ್ಮೆಗೆ ಉಳಿದಿದ್ದದ್ದು ಬಾಯಿ, ಹೊಟ್ಟೆ, ಬೆನ್ನು ಅಷ್ಟೇ. ಬೋರಮ್ಮ ಮಂತ್ರಿಯ ಮಾತು ಮುಗಿಯಲು ಬಿಡಲಿಲ್ಲ.

"ಬುದ್ಧೀ, ಓದೋಕೆ ಆಗುವಂಥ ಹೆಸರು ಬೀದಿ ಬೀದಿಯ ಅಂಗಡಿ ಬೋರ್ಡಿನ ಮೇಲೂ ಇರುತ್ತೆ. ಯಾರಿಂದಲೂ ಓದೋಕಾಗದಷ್ಟು ದೊಡ್ಡ ಹೆಸರು ಇನ್ಯಾವ ರಾಜನಿಗಿದೆ ಹೇಳಿ?"

ರಾಜ ಯೋಚಿಸಿದ. ಮೀಸೆ ತಿರುವಿದ. "ಯಾರಿಗೂ ಇಲ್ಲ."

"ಮತ್ತೆ?"

"ಒಪ್ಪಿಗೆ" ಅಂದ ರಾಜ.

ಬೋರಮ್ಮ ಓಡಿದಳು ನೋಡಿ! ಸೆರಗು ಬಿಗಿದು, ಏಣಿಯ ಮೆಟ್ಟಿಲು ಕೂಡ ಸರಿಯಾಗಿ ತುಳಿಯದೆ ಮನೆಗೆ ಓಡಿದಳು. ಬಾಗಿಲು ಹಾಕಿ ಚಿಲಕ ಹಾಕಿದಳು. ಕೆಂಪಿಯ ಅಂಗಿ ಹಾಸಿದಳು. ಬಣ್ಣ ಸುರಿದಳು. ಒಂದು ಇಡೀ ಮಧ್ಯಾಹ್ನ ಇತ್ತು ಅವಳ ಕೈಯಲ್ಲಿ. ಪಟ್ಟಿ ಹಿಡಿದಳು.

ಬಾಗಿಲು ದಬದಬ ಅಂತು.

ತಮಟೆಯವನು. "ಕೇಳಿರಪ್ಪೋ ಕೇಳಿ! ಇವತ್ತು ಮಧ್ಯಾಹ್ನ ಬೋರಮ್ಮನ ಬಾಗಿಲು ಯಾರೂ ತಟ್ಟಬಾರದು!"

"ಅಯ್ಯೋ ನಿನ್ನ! ನನ್ನ ಬಾಗಿಲೇ ಕಣೋ ಇದು!"

"ಮನೆ ಮನೆಗೂ ಹೇಳಬೇಕು ಅಂತ ಅಪ್ಪಣೆ ತಾಯಿ. ನಿಮ್ಮದೂ ಮನೆಯೇ ತಾನೆ?"

ಅವನು ಹೋದ. ಅವಳು ಒಳಗೆ ಬಂದಳು. ಎಮ್ಮೆಯ ಹೊಟ್ಟೆಯ ಕಡೆ ಬಣ್ಣ ಒಣಗಿತ್ತು. ಎಮ್ಮೆ ಮಾತಾಡಲು ಬಾಯಿ ತೆಗೆಯುವಷ್ಟರಲ್ಲಿ ಮತ್ತೆ ಬಾಗಿಲು. ಎದುರುಮನೆ ತಿಮ್ಮಾಜಮ್ಮ.

"ಬೋರಮ್ಮಾ, ನಿನ್ನ ಬಾಗಿಲು ತಟ್ಟಬಾರದಂತೆ, ನಿಜವೇನೇ?"

"ನಿಜ ಕಣಕ್ಕ."

"ಅಯ್ಯೋ, ನಂಗೆ ಗೊತ್ತೇ ಇಲ್ಲ ನೋಡು. ಮತ್ತೆ ಅರ್ಜೆಂಟಿದ್ದರೆ? ತಟ್ಟಬಾರದು ಸರಿ, ತಳ್ಳಬಹುದಾ?"

ತಿಮ್ಮಾಜಮ್ಮನ ಹಿಂದೆ ಒಬ್ಬ ನಿಂತಿದ್ದ. ಅವನು ತನ್ನ ಅಂಗಿಯ ಆರ್ಡರಿಗೆ ಇವತ್ತು ಬರುವುದಿಲ್ಲ ಅಂತ ಹೇಳಿ ಹೋಗಲು ಬಂದಿದ್ದ. ಅವನ ಹಿಂದೆ ಇನ್ನೊಬ್ಬಳು, ಎಷ್ಟು ಹೊತ್ತಿನ ತನಕ ತಟ್ಟಬಾರದು ಅಂತ ಕೇಳಲು. ಅವಳ ಹಿಂದೆ ಇಡೀ ಬೀದಿ. ಬೇರೆ ದಿನ ಇತ್ತ ತಲೆ ಹಾಕದವರೂ ಬಂದಿದ್ದರು. ತಟ್ಟಬಾರದ ಬಾಗಿಲು ಹೇಗಿರುತ್ತೆ ಅಂತ ಅವರಿಗೂ ನೋಡಬೇಕಿತ್ತು. ಜಗಲಿಯ ಮೇಲಿಂದ ಗಂಡ, "ಬನ್ನಿ ಬನ್ನಿ, ಇವತ್ತು ಅವಳು ಪೂರ್ತಿ ಬಿಡುವು" ಅನ್ನುತ್ತಿದ್ದ.

ಎಲ್ಲರೂ ಹೋದ ಮೇಲೆ ಮಂತ್ರಿ ಬಂದ. ಕೆಮ್ಮಿದ.

"ನಾನು ತಟ್ಟಲಿಲ್ಲ, ಕೆಮ್ಮಿದೆ ಅಷ್ಟೇ. ಯಾರಾದರೂ ತಟ್ಟಿ ತೊಂದರೆ ಕೊಟ್ಟರಾ ಅಂತ ವಿಚಾರಿಸಿಕೊಂಡು ಹೋಗೋಣ ಅಂತ."

ಬೋರಮ್ಮ ಬೈಯಲಿಲ್ಲ. ಬೈಯುವುದಕ್ಕೂ ಮೈಯಲ್ಲಿ ಶಕ್ತಿ ಬೇಕಲ್ಲ. "ಇಲ್ಲ ಬುದ್ಧೀ, ಏನೂ ತೊಂದರೆ ಇಲ್ಲ" ಅಂದು ಬಾಗಿಲು ಹಾಕಿದಳು. ಒಳಗೆ ಬಂದು, "ಏನಮ್ಮಾ, ಇದೀಯಾ?" ಅಂತ ಎಮ್ಮೆಯನ್ನು ಕೇಳಿದಳು.

ಎಮ್ಮೆ ಮಾತಾಡಲಿಲ್ಲ. ಬಾಯಿಯೂ ಒಣಗಿತ್ತು.

ಕತೆ ಇಲ್ಲಿಗೆ ಮುಗಿಯಿತು ಅಂದುಕೊಳ್ಳಿ. ನೀತಿ ಬೇಕೇ ಬೇಕು ಅನ್ನುವವರಿಗೆ ಅದನ್ನೂ ಕೊಟ್ಟುಬಿಡುತ್ತೇನೆ. ರಾಜನ ಹತ್ತಿರ ಆನೆ ಕೇಳಿ, ಕುದುರೆ ಕೇಳಿ, ನೆಮ್ಮದಿ ಮಾತ್ರ ಕೇಳಬೇಡಿ. ಅದನ್ನು ತಮಟೆಯವನ ಕೈಯಲ್ಲಿ ಕಳಿಸುತ್ತಾನೆ. ರಾಜ ಅಂಗಿ ತೊಡಲಿಲ್ಲ, ಅಂಗಿ ರಾಜನನ್ನು ಬಿಡಲಿಲ್ಲ, ಹೇಳಿದ ನನಗೆ ಗಂಟಲು ಒಣಗಿತು, ಕೇಳಿದ ನಿಮ್ಮ ತಟ್ಟೆಯಲ್ಲಿ ಅನ್ನ ಹಾಗೇ ಇದೆ.

ಆದರೆ ಕೆಂಪಿ ಇನ್ನೂ ಅಲ್ಲೇ ನಿಂತಿದ್ದಳಲ್ಲ, ಬರಿಮೈಯಲ್ಲಿ.

ಬೋರಮ್ಮ ಉಳಿದಷ್ಟನ್ನೇ ಅಚ್ಚು ಹಾಕೋಣ ಅಂದುಕೊಂಡಳು. ಬಣ್ಣ ಸುರಿದಳು. ಬಗ್ಗಿ ಎಳೆದಳು. ಈ ಸಲ ಯಾರೂ ಕೆಮ್ಮಲಿಲ್ಲ. ಸ್ಕ್ರೀನು ಎತ್ತಿದರೆ ಅಂಗಿಯ ಮೇಲೆ ಒಂದೇ ಒಂದು ಗೆರೆ ಮೂಡಿತ್ತು. ಬಾಗಿದ ಗೆರೆ. ಎಮ್ಮೆಯ ಬೆನ್ನು.

ಅಂಗಿ ಒಣಗುವ ಮೊದಲೇ ಕೆಂಪಿ ತೊಟ್ಟುಕೊಂಡಳು. ತಲೆ ಬಗ್ಗಿಸಿ ಎದೆಯನ್ನು ನೋಡಿಕೊಂಡಳು. ಬಹಳ ಹೊತ್ತು ನೋಡಿಕೊಂಡಳು. ಅಳುತ್ತಾಳೆ ಅಂದುಕೊಂಡಳು ಬೋರಮ್ಮ. ಕೆಂಪಿ ನಕ್ಕಳು.

"ಅಮ್ಮ, ಇದು ನೀನು!"

"ನಾನಲ್ಲ ಕಂದ, ಎಮ್ಮೆ."

"ಇಲ್ಲ, ನೀನೇ. ಪಟ್ಟಿ ಎಳೀವಾಗ ಹಿಂಗೇ ಬಗ್ಗಿರ್ತೀಯಲ್ಲ." ಬೆರಳಿನಿಂದ ಆ ಗೆರೆಯನ್ನು ಈ ತುದಿಯಿಂದ ಆ ತುದಿಗೆ ಸವರಿದಳು. ಬೆರಳಿಗೆ ಹಸಿ ಬಣ್ಣ ಹತ್ತಿತು. ಆಮೇಲೆ ತಲೆ ಎತ್ತಿ ಕೇಳಿದಳು.

"ಇವಳು ಮಲಗೋದು ಯಾವಾಗಮ್ಮ?"