ಉಪ್ಪಿಗೆ ಬಂದ ಚಿಗರಿ

ಸಂಕನಾಳದ ಊರಾಚೆ, ಕುರುಬರು ಬಿಟ್ಟುಹೋದ ಹಳೆಯ ಕುರಿಹಟ್ಟಿಯಲ್ಲಿ ಶ್ರೀ ತುಂಗವ್ವ ತಾಯಿಯವರು ವಾಸವಾಗಿದ್ದರು. ಮೇಲೆ ಅರ್ಧ ಹೊದಿಕೆ, ಸುತ್ತ ಜಾಲಿಮುಳ್ಳಿನ ಬೇಲಿ, ಕೂರಲು ಒಂದು ಗೋಣಿತಟ್ಟು. ಅಷ್ಟೇ ಆ ಮಹಾತಾಯಿಯ ಸಂಸಾರ. ತೋಳ ಮುಟ್ಟಿದ ಮರಿ, ಗಂಡ ಬಿಟ್ಟ ಹೆಣ್ಣು, ಯಾರೇ ಬರಲಿ, ತಟ್ಟಿನ ಅರ್ಧ ಭಾಗ ಅವರಿಗೆ ಬಿಟ್ಟು ತಾವು ಮಣ್ಣಿಗೆ ಸರಿಯುತ್ತಿದ್ದರು.

ಆ ತಟ್ಟು ನೋಡಿ ಭಕ್ತರಿಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಪಕ್ಕದ ಊರಿನ ಸ್ವಾಮಿಗಳು ಹುಲಿಚರ್ಮದ ಮೇಲೆ ಕೂರುತ್ತಾರೆ, ನಮ್ಮ ತಾಯಿ ಗೋಣಿಯ ಮೇಲೆ! ಭಕ್ತಿಯಲ್ಲಿ ಅರ್ಧಪಾಲು ಪಕ್ಕದ ಊರಿನ ಮೇಲಿನ ಹೊಟ್ಟೆಕಿಚ್ಚೇ ಇರುತ್ತದೆ, ಯಾಕೆ ಸುಳ್ಳು ಹೇಳಲಿ.

ಊರಿನ ಧಣಿ ಜಡೆಪ್ಪ ದೇಸಾಯರು ಒಂದು ಸೋಮವಾರ ತುಂಬಿದ ಭಕ್ತರ ನಡುವೆ ಬಂದು, ಕೋಡಿನ ಗಂಡು ಚಿಗರಿಯ, ಎಂದರೆ ಕೃಷ್ಣಮೃಗದ, ಕರಿಚರ್ಮವನ್ನು ತಾಯಿಯವರ ಮುಂದೆ ಹಾಸಿದರು. “ಮೂರು ದಿನ ಗುಡ್ಡ ಸುತ್ತಿ, ಬೆನ್ನಟ್ಟಿ ಹೊಡದದ್ದು, ತಾಯಿ. ಇನ್ನ ಈ ಆಸನದ ಮ್ಯಾಲೆ ಕುಂದರಬೇಕು” ಎಂದು ಮೀಸೆ ತಿರುವಿದರು.

ಈ ದೇಸಾಯರ ಬೇಟೆಯ ಸಂಗತಿ ಹೇಳದೆ ಮುಂದೆ ಹೋಗಲಾಗದು. ತಂದೆ ಚಿರತೆ ಹೊಡೆದವರು. ಮಗ ಹಂದಿಗೆ ಗುರಿಯಿಟ್ಟು ಅಗಸರ ಬಾನಿ ಒಡೆದವರು. ಆದರೂ ವಾಡೆಯ ಗೋಡೆಯ ತುಂಬ ಕೋಡುಗಳು! ಹೇಗೆ? ವಾಡೆಯ ಹಿಂದೆ ನಲವತ್ತು ಎಕರೆ ಹುಲ್ಲುಗಾವಲಿಗೆ ಆಳೆತ್ತರದ ತಂತಿಬೇಲಿ ಬಿಗಿಸಿ, ಒಳಗೆ ಚಿಗರಿ ಸಾಕಿದ್ದರು. ಕಾಯುವವನು ಹುಚ್ಚೀರಪ್ಪ. ಅವನು ಕಂಚಿನ ಗಂಗಾಳ ಬಾರಿಸಿದರೆ ಸಾಕು, ಚಿಗರಿಗಳು ಉಪ್ಪು ನೆಕ್ಕಲು ಓಡಿ ಬರುತ್ತಿದ್ದವು. ದೇಸಾಯರು ಮಂಚಿಕೆಯ ಮೇಲೆ, ಲೋಡಿಗೆ ಒರಗಿ, ವೀಳ್ಯ ಜಗಿಯುತ್ತ ಗುಂಡು ಹಾರಿಸುತ್ತಿದ್ದರು. ಬೇಟೆಗೆ ಸರಕಾರದ ತಡೆ ಇರದ ಕಾಲ. ಊರಿಗೆಲ್ಲ ಗೊತ್ತು. ಗೊತ್ತಿಲ್ಲದವರ ಹಾಗೆ ಇರುವುದೂ ಊರಿಗೆ ಗೊತ್ತು.

ಪೂಜ್ಯ ತಾಯಿಯವರು ಚರ್ಮದ ಮೇಲೆ ಕೂರಲಿಲ್ಲ. ಕೂಸಿನ ಬೆನ್ನು ಸವರುವಂತೆ ಕೈಯಾಡಿಸುತ್ತ ಬಂದರು. ಕೊರಳ ಹತ್ತಿರ ಬೆರಳು ನಿಂತಿತು. ಅಲ್ಲಿ ಸುತ್ತಲೂ ಬೆರಳಗಲ ಕೂದಲು ಸವೆದಿತ್ತು.

“ಇದರ ಕೊರಳಾಗ ಏನ್ ಕಟ್ಟಿದ್ರಪಾ?”

“ಅಡವಿ ಪ್ರಾಣಿ, ಬಳ್ಳಿ ಗಿಳ್ಳಿ ಸಿಕ್ಕೊಂಡಿರಬೇಕ್ರಿ...” ಎಂದರು ದೇಸಾಯರು.

ಹಿಂದಿನಿಂದ ಹೆಂಗಸೊಬ್ಬಳ ಅಳು ಕೇಳಿತು. ಹುಚ್ಚೀರಪ್ಪನ ಹೆಂಡತಿ ಭೀಮವ್ವ. “ಗೆಜ್ಜಿ, ತಾಯಿ. ನಾನ ಕಟ್ಟಿದ್ದೆ. ತಾಯಿ ಇಲ್ಲದ ಎರಡು ಮರಿ, ಕರಿಯ, ಚೆನ್ನ. ಆಡಿನ ಹಾಲು ಹಾಕಿ ಜ್ವಾಪಾನ ಮಾಡಿದ್ದೆ. ಇದು ನನ್ನ ಕರಿಯ.”

ಹುಚ್ಚೀರಪ್ಪ ಹೆಂಡತಿಯ ಬಾಯಿ ಮುಚ್ಚಲು ಓಡಿದ. ಬಾಯಿ ಮುಚ್ಚಬಹುದು, ಊರಿನ ಕಿವಿ ಮುಚ್ಚುವುದು ಹೇಗೆ? ಯಾರೋ ಕಿಸಕ್ಕೆಂದರು. “ಬೆನ್ನಟ್ಟಿದ್ದು ಯಾರು ಯಾರನ್ನ?” ಎಂದು ಇನ್ಯಾರೋ ಅಂದರು.

ದೇಸಾಯರ ಮುಖ ಕೆಂಡವಾಯಿತು. “ಹೌದು! ಜಮೀನು ನಂದು, ತಂತಿ ನಂದು, ಮೇವು ನಂದು. ಮತ್ತ ಪ್ರಾಣಿ ಯಾರದು? ಇಲ್ಲಿ ಕುಂತವರು ಜಾತ್ರಿಗೊಂದು ಕುರಿ ಕೊಯ್ಯೂದಿಲ್ಲೇನು? ಅವರಿಗಿಲ್ಲದ ಪಾಪ ನನಗ್ಯಾಕ, ತಾಯಿ?”

ಕುರಿ ಕೊಯ್ಯುವವರೆಲ್ಲ ನೆಲ ನೋಡಿದರು. ಪ್ರಶ್ನೆ ಸುಳ್ಳಲ್ಲವಲ್ಲ.

ಪೂಜ್ಯರು ಶಾಂತವಾಗಿ ನುಡಿದರು: “ಕುರಿ ಕೊಯ್ದವ ಕುರಿ ಕೊಯ್ದೆ ಅಂತಾನ, ಜಡೆಪ್ಪಾ. ಬೆನ್ನಟ್ಟಿ ಗೆದ್ದೆ ಅನ್ನಂಗಿಲ್ಲ.” ಬಳಿಕ ಎದ್ದು ನಿಂತರು. “ನಡಿ. ಇವತ್ತು ಗಂಗಾಳ ನೀನ ಬಾರಿಸು. ಉಪ್ಪು ನೀನ ತಿನ್ನಿಸು. ಆಮ್ಯಾಲೆ ಹೊಡಿ. ಹೊಡದಿ ಅಂದ್ರ, ಆ ಚರ್ಮದ ಮ್ಯಾಲೆ ನಾ ಸಾಯೂತನಕ ಕುಂದರತೀನಿ.”

ತಾಯಿಯವರ ಮಾತು ಎಂದೂ ಹಿಂದೆ ಬಂದದ್ದಿಲ್ಲ. ಭೀಮವ್ವ ಅವರ ಕಾಲು ಹಿಡಿದಳು: “ಬ್ಯಾಡ್ರಿ ತಾಯಿ! ಗಂಗಾಳ ಕೇಳಿದ್ರ ಮೊದಲ ಬರಾಂವ ಚೆನ್ನನ ರೀ!” ಪೂಜ್ಯರು ಅವಳ ತಲೆ ಮುಟ್ಟಿ ಮುಂದೆ ನಡೆದರು.

ಹೋದ ಮರ್ಯಾದೆ ಮರಳಿ ಗಳಿಸಲು ದೇಸಾಯರಿಗೂ ಬೇರೆ ದಾರಿ ಇರಲಿಲ್ಲ. ಊರಿಗೆ ಊರೇ ತಂತಿಬೇಲಿಗೆ ಮುಖ ಹಚ್ಚಿ ನಿಂತಿತು. ಅವರು ಹೆಗಲಿಗೆ ಬಂದೂಕು ಹಾಕಿಕೊಂಡು ಒಬ್ಬರೇ ಒಳಗೆ ಹೋಗಿ ಗಂಗಾಳ ಬಾರಿಸಿದರು. ಹುಲ್ಲು ಅಲುಗಲಿಲ್ಲ. ಮತ್ತೆ ಬಾರಿಸಿದರು. ಆಗ ಕೇಳಿತು, ಗೆಜ್ಜೆಯ ಸದ್ದು.

ಚೆನ್ನ ನೆಟ್ಟಗೆ ಬಂದು ದೇಸಾಯರ ಅಂಗೈಯ ಉಪ್ಪಿಗೆ ಬಾಯಿ ಹಾಕಿದ. ಅಷ್ಟು ವರ್ಷ ಅಷ್ಟು ಕೊಂದವರು ಜೀವವಿರುವ ಚಿಗರಿಯನ್ನು ಮುಟ್ಟಿದ್ದು ಅದೇ ಮೊದಲು. ಉಪ್ಪು ಮುಗಿಯಿತು. ದೇಸಾಯರು ಗಂಗಾಳ ಬಿಸಾಡಿ, ಹತ್ತು ಹೆಜ್ಜೆ ಹಿಂದೆ ಸರಿದು ಬಂದೂಕು ಎತ್ತಿದರು. ಚಿಗರಿಗೇನು ಗೊತ್ತು? ಇನ್ನೂ ಉಪ್ಪಿದೆ ಎಂದು ಹಿಂದೆಯೇ ಬಂತು. ಇನ್ನೂ ಹತ್ತು ಹೆಜ್ಜೆ ಸರಿದರು. ಅದೂ ಬಂತು. “ಹೋಗ್! ಹೋಗ್ಲೇ!” ಎಂದು ಕೂಗಿದರು. ಕರೆದರೆಂದು ತಿಳಿದು ಓಡೋಡಿ ಬಂತು. ಗುರಿ ಹಿಡಿಯಲು ದೂರ ಬೇಕು, ಆ ಪ್ರಾಣಿ ದೂರವನ್ನೇ ಕೊಡಲೊಲ್ಲದು. ಸರಿದು ಸರಿದು ದೇಸಾಯರ ಬೆನ್ನು ಗಕ್ಕನೆ ತಂತಿಗೆ ತಾಗಿತು. ಅವರದೇ ತಂತಿ. ಎದೆಗೆ ಚಿಗರಿಯ ಮೂತಿ.

ಬೇಲಿಯ ಈಚೆ, ಅವರ ಬೆನ್ನಿಗೇ ಪೂಜ್ಯರು ನಿಂತಿದ್ದರು. ಮೆಲ್ಲನೆ ಕೇಳಿದರು:

“ಇನ್ನ ಎಲ್ಲಿಗೆ ಓಡ್ತೀಯೋ ತಮ್ಮಾ?”

ಬಂದೂಕು ಹುಲ್ಲಿಗೆ ಬಿತ್ತು. ಅಷ್ಟು ದೊಡ್ಡ ಧಣಿಗಳು ಕುಸಿದು ಕುಳಿತು, ಚಿಗರಿಯ ಕೊರಳು ತಬ್ಬಿ ಬಾಯಿಬಿಟ್ಟು ಅತ್ತರು. ಅದು ಕಣ್ಣೀರಿನ ಉಪ್ಪನ್ನೂ ನೆಕ್ಕಿತು. ನಗಲು ಬಂದವರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

“ತಂತಿ ಕೀಳಸತೀನಿ, ತಾಯಿ. ಇವತ್ತ ಕೀಳಸತೀನಿ.”

“ಇವತ್ತ ಬ್ಯಾಡ,” ಎಂದರು ಪೂಜ್ಯರು. “ಇವಕ್ಕ ಮನಷಾರನ್ನ ನಂಬೂದು ಕಲಿಸಿ ಕೆಡಸೀದಿ. ಮೊದಲ ಅಂಜೂದು ಕಲಸು. ಆಮ್ಯಾಲೆ ಬಿಡು.”

ಒಂದು ವರ್ಷ ಅದೇ ದೇಸಾಯರ ತಪಸ್ಸಾಯಿತು. ದಿನಾ ಮುಂಜಾನೆ ಧೋತರ ಎತ್ತಿ ಕಟ್ಟಿ, ಹರಕು ತಮ್ಮಟೆ ಬಡಿಯುತ್ತ, ಏದುಸಿರು ಬಿಡುತ್ತ ಚಿಗರಿಗಳ ಹಿಂದೆ ಓಡುತ್ತಿದ್ದರು: “ದೂರ ಹೋಗ್ರೆಪಾ, ನನ್ನ ನಂಬಬ್ಯಾಡ್ರಿ!” ಜೀವಮಾನದಲ್ಲಿ ಅವರು ನಿಜವಾಗಿ ಬೆನ್ನಟ್ಟಿದ್ದು ಆ ಒಂದು ವರ್ಷ ಮಾತ್ರ. ಎಲ್ಲಕ್ಕಿಂತ ಕಡೆಗೆ ಅಂಜಲು ಕಲಿತದ್ದು ಚೆನ್ನ. ಅವರನ್ನು ಕಂಡೊಡನೆ ಅದು ಮೊದಲ ಸಲ ಚಂಗನೆ ಹಾರಿ ಓಡಿದ ದಿನ, ದೇಸಾಯರು ತಾವೇ ಇಕ್ಕಳ ಹಿಡಿದು ತಂತಿ ಕತ್ತರಿಸಿದರು. ಭೀಮವ್ವ ಅದಕ್ಕೂ ಮೊದಲೇ ಗೆಜ್ಜೆ ಬಿಚ್ಚಿಟ್ಟಿದ್ದಳು.

ಕರಿಯನ ಚರ್ಮವನ್ನು ಪೂಜ್ಯರು ಹಟ್ಟಿಯ ಅಂಗಳದಲ್ಲಿ ಮಣ್ಣು ಮಾಡಿಸಿದರು. ತಾವು ಕಡೆಯತನಕ ಗೋಣಿತಟ್ಟಿನ ಮೇಲೆಯೇ ಕುಳಿತರು. ಅವರು ಬಿಟ್ಟುಕೊಟ್ಟ ಅರ್ಧದಲ್ಲಿ ಬಹಳ ಸಲ ದೇಸಾಯರು ಇರುತ್ತಿದ್ದರು. ಆ ಗಂಗಾಳವೂ ಹಟ್ಟಿಗೇ ಬಂತು. ಇಂದಿಗೂ ಅದರಲ್ಲೇ ಪ್ರಸಾದ ಕಲಸುತ್ತಾರೆ. ನೆಲಕ್ಕೆ ಇಡುವಾಗ ಮಾತ್ರ ಕೆಳಗೆ ಅರಿವೆ ಹಾಸುತ್ತಾರೆ, ಸದ್ದಾಗಬಾರದೆಂದು. ಎಲ್ಲಿಯೋ ಯಾವುದೋ ಚಿಗರಿ ಕೇಳಿಸಿಕೊಂಡು ಬಂದೀತು.