ಒಂದು ಹರಳು ಮುಂದೆ

"ಟೀಚರ್, ನಾನು ದಿನದಿಂದ ದಿನಕ್ಕೆ ಸುಧಾರಿಸುತ್ತಿದ್ದೇನೆಯೋ ಇಲ್ಲವೋ ಎಂದು ನನಗೆ ತಿಳಿಯುವುದು ಹೇಗೆ?" ಎಂದು ಶರ್ವಾಣಿ ಕೇಳಿದಳು.

ವಾರಿಜಮ್ಮ ಅವಳಿಗೆ ಅಜ್ಜಿ. ಆದರೆ ನಾಗಪುರದ ಆ ಮನೆಯಲ್ಲಿ ಅವಳಿಗೆ ಕನ್ನಡದ ಅಕ್ಷರ ತಿದ್ದಿಸಿದವರೂ ಮಗ್ಗಿ ಬಾಯಿಪಾಠ ಮಾಡಿಸಿದವರೂ ಅವರೇ. ಹಾಗಾಗಿ ಇಂಥ ಪ್ರಶ್ನೆ ಕೇಳುವಾಗ ಅವಳು ಅಜ್ಜಿ ಎನ್ನುತ್ತಿರಲಿಲ್ಲ. ಶರ್ವಾಣಿ ಈಗ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಕೈಕೆಳಗೆ ಇಪ್ಪತ್ತೆರಡು ಮಂದಿ. ಐದಕ್ಕೆ ಏಳುತ್ತೇನೆ, ಓದುತ್ತೇನೆ, ಎಲ್ಲರಿಗಿಂತ ಮೊದಲು ಶಾಲೆಯ ಬಾಗಿಲಲ್ಲಿರುತ್ತೇನೆ, ಯಾರಿಂದಲೂ ಒಂದು ಆಕ್ಷೇಪವಿಲ್ಲ ಎಂದು ಹೇಳಿಕೊಂಡಳು. ಆದರೂ ಇನ್ನೂ ಮೇಲೆ ಬರಬೇಕು ಎಂದಳು.

ವಾರಿಜಮ್ಮ, "ಒಂದು ದೇವಸ್ಥಾನ. ಅದರ ಅಡುಗೆಮನೆಯಲ್ಲಿ ಒಂದು ದೊಡ್ಡ... ಏನದು, ಕೊಪ್ಪ... ಕೊಪ್ಪಳ ಅಲ್ಲ..." ಎಂದು ತಡವರಿಸಿದರು.

"ಹಂಡೆಯೆ?"

"ಹಂಡೆಯಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತಾರೆ ಮಗಾ. ಇದರಲ್ಲಿ ನಾನೂರು ಜನಕ್ಕೆ ಹುಳಿ ಬೇಯುತ್ತದೆ."

ಊರು ಬಿಟ್ಟು ಐವತ್ತೈದು ವರ್ಷವಾದ ಬಾಯಿಗೆ ಆ ಮಾತು ಕೂಡಲೇ ಬರಲಿಲ್ಲ. ಪಾತೇಲೆ ಎಂದು ಇಲ್ಲಿಯ ಮರಾಠಿ ಮಾತೇ ಮೊದಲು ಬಂತು. ಅದನ್ನು ಆಚೆ ತಳ್ಳಿ, "ಕೊಪ್ಪರಿಗೆ," ಎಂದು ಹಿಡಿದರು. "ಆ ಕೊಪ್ಪರಿಗೆಯ ಮುಂದೆ ಒಬ್ಬ ಅಡುಗೆಯವನಿದ್ದ." ಕತೆ ಅಲ್ಲಿಂದ ಹೊರಟಿತು.

ಹೊಳೆ ಸಮುದ್ರಕ್ಕೆ ಸೇರುವ ಕಡೆ ಆ ದೇವಸ್ಥಾನ. ದಿನವೂ ಮಧ್ಯಾಹ್ನ ಬಂದವರಿಗೆಲ್ಲ ಊಟ. ಅಡುಗೆಮನೆಗೆ ಒಂದು ನಿಯಮವಿತ್ತು. ದೇವರಿಗೆ ನೈವೇದ್ಯವಾಗುವ ತನಕ ಅಡುಗೆಯ ಒಂದು ಹನಿಯನ್ನೂ ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಮಾಡಿದವನೂ ರುಚಿ ನೋಡುವಂತಿಲ್ಲ. ಉಪ್ಪನ್ನು ಕೈ ಅಳೆಯಬೇಕು, ಕುದಿಯನ್ನು ಕಿವಿ ಕೇಳಬೇಕು, ಹದವನ್ನು ಆವಿಯಲ್ಲೇ ಮೂಗು ಹಿಡಿಯಬೇಕು.

ಅಡುಗೆಯವನು ಇದರಲ್ಲಿ ಪಳಗಿದವನು. ಅವನಿಗೆ ಮಕ್ಕಳಿರಲಿಲ್ಲ, ಹೊಲ ಮನೆ ಇರಲಿಲ್ಲ. ದೇವರ ಎಲೆಗೆ ತನ್ನ ಕೈಯಿಂದ ಕುಂದಿಲ್ಲದ ಅನ್ನ ಹೋಗಬೇಕು, ಅಷ್ಟೇ ಅವನ ಆಸೆ. ಅದೊಂದು ಸರಿಯಾಗಿದ್ದರೆ ತನ್ನ ಜನ್ಮ ಸರಿಯಾಯಿತು ಎಂದು ಅವನು ನಂಬಿದ್ದ. ಕೈಕೆಳಗೆ ಆರು ಮಂದಿ ಸಹಾಯಕರಿದ್ದರು. ನೈವೇದ್ಯದ ಪಾಲು ಮೊದಲು ಬೇರೆ ಪಾತ್ರೆಗೆ ತುಂಬಿ ಗರ್ಭಗುಡಿಗೆ ಹೋಗುತ್ತಿತ್ತು. ನೈವೇದ್ಯ ಮುಗಿದು ಗಂಟೆ ಬಾರಿಸಿದ ಮೇಲೆ ಉಳಿದದ್ದನ್ನು ಸಹಾಯಕರು ಊಟದ ಚಾವಡಿಗೆ ಹೊರುತ್ತಿದ್ದರು. ಅವನು ಕೊನೆಯ ಪಂಕ್ತಿ ಏಳುವ ತನಕ ಒಲೆಯ ಬುಡ ಬಿಡುತ್ತಿರಲಿಲ್ಲ. ಬೆಳಗ್ಗಿನಿಂದ ಆವಿ ಕುಡಿದವನಿಗೆ ತಾನೇ ಬೇಯಿಸಿದ್ದು ಗಂಟಲಿಗೆ ಇಳಿಯುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಉಂಡು, ಬಾಯಿಗೆ ಹೊಗೆಸೊಪ್ಪು ಇಟ್ಟುಕೊಂಡು ಹಿತ್ತಿಲ ಕಟ್ಟೆಯಲ್ಲಿ ಕೂರುತ್ತಿದ್ದ.

ಅದೇ ಕಟ್ಟೆಗೆ ದೇವಸ್ಥಾನಕ್ಕೆ ಹೂ ಕಟ್ಟುವ ಹೆಂಗಸು ಬರುತ್ತಿದ್ದಳು. ಅವಳದು ಎಲ್ಲರಿಗಿಂತ ಕೊನೆಯ ಊಟ. ಉಂಡು ಎದ್ದು ಕೈ ತೊಳೆದು, ಹೋಗುವಾಗ ಅವನಿಗೆ ಒಂದು ಮಾತು ಹೇಳಿ ಹೋಗುವಳು. "ಸಾರು ಇವತ್ತು ಒಂದು ಹರಳು ಹಿಂದೆ, ಭಟ್ರೇ." ಇನ್ನೊಂದು ದಿನ, "ಹುಳಿ ಒಂದು ಹರಳು ಮುಂದೆ." ಹಿಂದೆ ಎಂದರೆ ಉಪ್ಪು ಕಡಿಮೆ, ಮುಂದೆ ಎಂದರೆ ಹೆಚ್ಚು. ಸರಿಯಾಗಿದ್ದ ದಿನ ಏನೂ ಹೇಳದೆ ಸೆರಗಿಗೆ ಕೈ ಒರೆಸಿಕೊಂಡು ನಡೆಯುವಳು. ಅವಳ ಮಟ್ಟಿಗೆ ಅದೇ ಹೊಗಳಿಕೆ.

ಅವನು ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಿರಲಿಲ್ಲ. ಮರುದಿನ ಉಪ್ಪಿನ ಮರಿಗೆಗೆ ಕೈ ಹಾಕುವಾಗ ಮುಷ್ಟಿ ತಾನಾಗಿ ಒಂದಿಷ್ಟು ಸಡಿಲವಾಗುವುದು, ಇಲ್ಲವೆ ಬಿಗಿಯಾಗುವುದು. ಹೀಗೆ ಹನ್ನೆರಡು ವರ್ಷ ನಡೆಯಿತು. ಅವನ ಕೈಹದದ ಮಾತು ಹೊಳೆಯ ಎರಡೂ ದಂಡೆಗೆ ಹರಡಿತು. ರುಚಿ ನೋಡದೆ ಇಷ್ಟು ಕರಾರುವಾಕ್ಕಾಗಿ ಉಪ್ಪು ಹಾಕುವವನು ಇನ್ನೊಬ್ಬನಿಲ್ಲ ಎಂದು ಜನ ಹೇಳಿದರು. ಜನ ಹೇಳುವುದನ್ನು ಅವನೂ ಕೇಳಿದ. ಅದು ತನ್ನ ಕೈಯ ಗುಣ ಎಂದೇ ತಿಳಿದ.

ಒಂದು ದಿನ ದೂರದ ಊರಿನಿಂದ ದೊಡ್ಡ ಮನುಷ್ಯರೊಬ್ಬರು ಬಂದು ಉಂಡರು. ಉಂಡು ಸಂತೋಷಪಟ್ಟು ಅಡುಗೆಯವನನ್ನು ಅಂಗಳಕ್ಕೆ ಕರೆಸಿ, ನೂರು ಜನರ ಮುಂದೆ ಶಾಲು ಹೊದಿಸಿದರು. ಅವನು ಆ ಶಾಲಿನಲ್ಲೇ ಹಿತ್ತಿಲಿಗೆ ಬಂದ. ಆರು ಮಂದಿ ಸಹಾಯಕರೂ ಹಿಂದೆಯೇ ಬಂದರು. ಹೂ ಕಟ್ಟುವವಳು ಆಗ ತಾನೆ ಊಟ ಮುಗಿಸಿ ಕೈ ತೊಳೆಯುತ್ತಿದ್ದಳು. ಅಂಗಳದಲ್ಲಿ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ. ಎಂದಿನಂತೆ, "ಹುಳಿ ಒಂದು ಹರಳು ಮುಂದೆ ಹೋಯಿತು, ಭಟ್ರೇ," ಎಂದಳು.

ಸಹಾಯಕರಲ್ಲಿ ಒಬ್ಬನಿಗೆ ನಗು ತಡೆಯಲಾಗಲಿಲ್ಲ. ಆ ನಗು ಅಡುಗೆಯವನಿಗೆ ಮುಳ್ಳಿನಂತೆ ಚುಚ್ಚಿತು.

"ನಿನ್ನ ಮಾಲೆಯ ಗಂಟು ಎಣಿಸಲಿಕ್ಕೆ ನಾನು ಯಾವತ್ತಾದರೂ ಬಂದಿದ್ದೇನಾ?" ಎಂದ. "ಬಿಟ್ಟಿ ಊಟ ಉಂಡವಳು ಉಂಡು ಹೋಗಬೇಕು. ನಾಲಿಗೆ ಉದ್ದ ಮಾಡಬಾರದು."

ಅವಳು ಚೆಂಬನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಹೋದಳು.

ಮರುದಿನ ಅವನಿಗೇ ಒಂಥರಾ ಆಯಿತು. ಅವಳು ಉಂಡು ಎದ್ದಾಗ, ಎಂದೂ ಕೇಳದವನು ಹೇಗಿತ್ತು ಎಂದು ಕೇಳಿದ. ಚೆನ್ನಾಗಿತ್ತು ಎಂದಳು. ಮೂರನೆಯ ದಿನವೂ ಚೆನ್ನಾಗಿತ್ತು. ಹದಿನೈದು ದಿನ ಕಳೆದರೂ ಚೆನ್ನಾಗಿತ್ತು. ಒಂದು ಹರಳು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಅಡುಗೆಯವನಿಗೆ ಸಮಾಧಾನವಾಯಿತು. ತನ್ನ ಕೈ ಕೊನೆಗೂ ಪೂರ್ತಿ ಹದಕ್ಕೆ ಬಂತು ಎಂದುಕೊಂಡ. ಸಿಟ್ಟಿನಲ್ಲಿ ಆಡಿದ ಆ ಮಾತಿನ ಬಗ್ಗೆ ಏನಾದರೂ ಹೇಳಬೇಕು ಎಂದು ಎರಡು ಮೂರು ಸಲ ಅನಿಸಿತು. ಎಲ್ಲ ಸರಿಯೇ ಇದೆಯಲ್ಲ, ಈಗ ಯಾಕೆ ಕೆದಕುವುದು ಎಂದು ಬಿಟ್ಟ.

ಅವನು ಸೋಮಾರಿಯಲ್ಲ. ಶಾಲು ಬಂದ ಮೇಲೆ ಇನ್ನೂ ಹೆಚ್ಚು ದುಡಿದ. ಬೆಳ್ಳಿ ಮೂಡುವ ಮೊದಲೇ ಎದ್ದು ಮಿಂದ. ಕೊಪ್ಪರಿಗೆಯನ್ನು ಮುಖ ಕಾಣುವಂತೆ ತಿಕ್ಕಿಸಿದ. ಹೊಸ ಹೊಸ ಪಾಯಸ ಕಲಿತ. ಸಹಾಯಕರು ಒಂದು ಗಳಿಗೆ ತಡವಾಗಿ ಬರದಂತೆ ನೋಡಿಕೊಂಡ. ಬಯ್ಯುವುದನ್ನೂ ಬಿಟ್ಟ. ನಿನ್ನೆಗಿಂತ ಇವತ್ತು ಒಂದು ಕೆಲಸವಾದರೂ ಚೆನ್ನಾಗಿ ಆಗಬೇಕು ಎಂದು ಬೆಳಗ್ಗೆ ಬೆಳಗ್ಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅಡುಗೆಮನೆಯಲ್ಲಿ ಎದುರು ಮಾತಿಲ್ಲ, ಗದ್ದಲವಿಲ್ಲ. ಹೊರಗೆ ಜನರಿಂದಲೂ ಮಾತಿಲ್ಲ. ದೇವರ ಪ್ರಸಾದಕ್ಕೆ ಕುಂದು ಹೇಳಬಾರದು ಎಂದು ಎಲ್ಲರಿಗೂ ಗೊತ್ತು. ಬೇಡವಾದದ್ದು ಎಲೆಯಲ್ಲಿ ಉಳಿದರೂ, ಎಲೆ ಮಡಚಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ.

ಹೀಗೆ ಒಂಬತ್ತು ವರ್ಷವಾಯಿತು.

ಒಂದು ಮಧ್ಯಾಹ್ನ ಚಾವಡಿಗೆ ಹೋದ ಸೌಟು ಹಿಂದೆ ಬರಲಿಲ್ಲ. ಪಾಯಸಕ್ಕೆ ಅದೇ ಸೌಟು ಬೇಕಾಗಿತ್ತು. ಕರೆದರೆ ಯಾರಿಗೂ ಕೇಳಿಸಲಿಲ್ಲ. ಅಡುಗೆಯವನು ತಾನೇ ಎದ್ದು ಹೋದ. ಅಡುಗೆಮನೆಗೂ ಚಾವಡಿಗೂ ನಡುವೆ ಒಂದು ಗೋಡೆ. ಆ ಗೋಡೆಯ ಮರೆಯಲ್ಲಿ ಅವನ ಹಳೆಯ ಸಹಾಯಕ, ತಲೆ ಪೂರ್ತಿ ನರೆತವನು, ಹುಳಿಯ ಪಾತ್ರೆಗೆ ತಂಬಿಗೆಯಿಂದ ಏನನ್ನೋ ಸುರಿಯುತ್ತಿದ್ದ.

"ಏನದು ಹಾಕುತ್ತಿರುವುದು?"

ಸಹಾಯಕ ಬೆಚ್ಚಿಬಿದ್ದ. ಆದರೆ ಸುಳ್ಳು ಹೇಳಲಿಲ್ಲ. "ಬಿಸಿನೀರು, ಭಟ್ರೇ. ಹುಳಿಗೆ ನಾಲ್ಕು ತಂಬಿಗೆ, ಸಾರಿಗೆ ಮೂರು. ದಿನಾ ಹಾಕುವುದೇ. ಇಲ್ಲದಿದ್ದರೆ ಉಪ್ಪಿಗೆ ಬಾಯಿಗಿಡಲಿಕ್ಕಾಗುವುದಿಲ್ಲ."

ಎಷ್ಟು ದಿನದಿಂದ ಎಂದು ಕೇಳಿದ. ಸಹಾಯಕ ನೆನಪು ಮಾಡಿಕೊಂಡ. ಮೊದಲು ಅರ್ಧ ತಂಬಿಗೆ ಸಾಕಾಗುತ್ತಿತ್ತು, ನಡುವೆ ಬೇರೆ ಕಡೆಯ ಜೋರು ಉಪ್ಪು ಬರಲು ಶುರುವಾದ ಮೇಲೆ ಒಂದಾಯಿತು, ಎರಡಾಯಿತು, ಹಾಗೇ ಏರುತ್ತಾ ಬಂತು ಎಂದ. ಹೇಳಬಾರದಿತ್ತೆ ಎಂದು ಅಡುಗೆಯವನು ಕೇಳಿದಾಗ ಸಹಾಯಕನ ಕಣ್ಣು ಹಿತ್ತಿಲ ಕಟ್ಟೆಯ ಕಡೆ ಹೊರಳಿ ಬಂತು. ಶಾಲಿನ ದಿನ ಅಲ್ಲಿ ನಿಂತಿದ್ದ ಆರು ಮಂದಿಯೂ ಆವತ್ತು ಒಂದು ಪಾಠ ಕಲಿತಿದ್ದರು. ಆಮೇಲೆ ಬಂದವರಿಗೆ ಅದನ್ನೇ ಕಲಿಸಿದ್ದರು.

ಅಡುಗೆಯವನು ಅಲ್ಲೇ ನಿಂತ. ಇನ್ನೊಂದು ಪ್ರಶ್ನೆ ಬಾಯಿಗೆ ಬಂತು. ಅದನ್ನು ಕೇಳಲು ಅವನಿಗೆ ಹೆದರಿಕೆಯಾಯಿತು. ಆದರೂ ಕೇಳಿದ.

"ಒಳಗೆ ದೇವರಿಗೆ ಹೋಗುವುದಕ್ಕೆ?"

"ಅದಕ್ಕೆ ನಾವು ಹೇಗೆ ಕೈ ಹಾಕುವುದು, ಭಟ್ರೇ? ಅದು ನೀವು ಕೊಟ್ಟ ಹಾಗೇ ಹೋಗುತ್ತದೆ."

ಊರಿನವರೆಲ್ಲ ತಿದ್ದಿದ್ದನ್ನು ಉಂಡಿದ್ದರು. ಒಂಬತ್ತು ವರ್ಷ, ದಿನ ತಪ್ಪದೆ, ಅವನ ತಪ್ಪು ಹೋಗಿ ಬಿದ್ದದ್ದು ಒಂದೇ ಎಲೆಗೆ.

ಆ ದಿನ ಅವನು ಮಜ್ಜಿಗೆ ಅನ್ನ ಉಣ್ಣಲಿಲ್ಲ. ಗರ್ಭಗುಡಿಯಿಂದ ಹಿಂದೆ ಬಂದ ನೈವೇದ್ಯದ ಹುಳಿಯನ್ನು ಎಂದಿನಂತೆ ಚಾವಡಿಯ ಪಾತ್ರೆಗೆ ಬೆರೆಸಲು ಬಿಡದೆ, ತಾನೇ ಬಡಿಸಿಕೊಂಡ. ಹೊಗೆಸೊಪ್ಪಿಗೆ ಸತ್ತುಹೋಗಿದ್ದ ಅವನ ನಾಲಿಗೆಗೂ ಅದು ಗೊತ್ತಾಯಿತು. ನೀರು ಕುಡಿಯದೆ ಎಲೆ ಖಾಲಿ ಮಾಡಿದ.

ಮರುದಿನ ಉಪ್ಪು ಕಡಿಮೆ ಹಾಕಿದ. ಎಷ್ಟು ಕಡಿಮೆ ಮಾಡಬೇಕು ಎಂಬುದು ಕೈಗೆ ಗೊತ್ತಿರಲಿಲ್ಲ. ಸಹಾಯಕರನ್ನು ಕೂರಿಸಿ ಕೇಳಿದ. ನಿಮಗೆ ತೋಚಿದ್ದು ಹೇಳಿ, ನಾನೇನೂ ಅನ್ನುವುದಿಲ್ಲ ಎಂದ. ಸರಿಯಾಗಿದೆ ಎಂದು ಆರು ಮಂದಿಯೂ ಒಟ್ಟಿಗೆ ಹೇಳಿದರು. ಹಿಂದಿನ ದಿನ ಕೇಳಿದ್ದರೂ ಅವರು ಅದನ್ನೇ ಹೇಳುತ್ತಿದ್ದರು. ಅವನು ತಾನೇ ಬಡಿಸಿಕೊಂಡು ನೋಡಿದ. ಆ ನಾಲಿಗೆಗೆ ಅತಿಯಾದದ್ದು ತಿಳಿಯುತ್ತಿತ್ತು, ಹದ ತಿಳಿಯುತ್ತಿರಲಿಲ್ಲ.

ಆಗ ಅವನಿಗೆ ಹೂ ಕಟ್ಟುವವಳು ಬೇಕಾದಳು. ಅವಳು ದೇವಸ್ಥಾನಕ್ಕೆ ಬರುವುದು ನಿಂತು ಎರಡು ವರ್ಷವಾಗಿತ್ತು. ಕಣ್ಣು ಮಂಜಾಗಿ ನೂಲು ಕಾಣುತ್ತಿರಲಿಲ್ಲವಂತೆ. ಹೊಳೆಯಾಚೆ ತಂಗಿಯ ಮನೆಯಲ್ಲಿದ್ದಾಳೆ ಎಂದು ಯಾರೋ ಹೇಳಿದರು. ಅವಳು ಬಾರದೆ ಇದ್ದದ್ದು ಅವನ ಗಮನಕ್ಕೆ ಬಂದಿತ್ತು, ಎಲ್ಲಿ ಹೋದಳು ಎಂದು ಮಾತ್ರ ಕೇಳಿರಲಿಲ್ಲ.

ಒಂದು ಪುಟ್ಟ ಪಾತ್ರೆಯಲ್ಲಿ ಹುಳಿ ತುಂಬಿ, ಬಾಳೆಲೆ ಮುಚ್ಚಿ, ದೋಣಿ ಹತ್ತಿ ಹೋದ. ಅವಳು ಜಗಲಿಯಲ್ಲಿ ಕೂತಿದ್ದಳು. ದನಿಯಿಂದ ಗುರುತು ಹಿಡಿದು, "ಭಟ್ರಲ್ಲವಾ? ಬನ್ನಿ, ಕೂತುಕೊಳ್ಳಿ," ಎಂದಳು. ಅವನ ಹಳೆಯ ಮೊಣಕಾಲು ನೋವು ಹೇಗಿದೆ ಎಂದು ಅವಳೇ ವಿಚಾರಿಸಿದಳು. ದಾರಿಯುದ್ದಕ್ಕೂ ಅವನು ಅವಳ ಸಿಟ್ಟನ್ನು ಎದುರಿಸಲು ಸಿದ್ಧನಾಗಿ ಬಂದಿದ್ದ. ಸಿಟ್ಟಿದ್ದರೆ ಕಾಲಿಗೆ ಬೀಳಬಹುದಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

ಅವನು ತಪ್ಪಾಯಿತು ಎಂದ. ಅವಳು, ಅಯ್ಯೋ ಯಾವ ಕಾಲದ್ದು ಅದು ಎಂದಳು. ಅವನು ಪಾತ್ರೆ ಬಿಚ್ಚಿ ಮುಂದಿಟ್ಟ. ಅವಳು ಒಳಗಿನಿಂದ ಎರಡು ತುತ್ತು ಅನ್ನ ತರಿಸಿ, ಕಲಸಿ, ನಿಧಾನವಾಗಿ ಉಂಡಳು. ಅವನು ಅವಳ ಬಾಯಿಯನ್ನೇ ನೋಡುತ್ತಿದ್ದ.

"ಹಿಂದೆಯಾ, ಮುಂದೆಯಾ?" ಎಂದು ಕೇಳಿದ.

"ಚೆನ್ನಾಗಿದೆ, ಭಟ್ರೇ," ಎಂದಳು.

ಒಂದು ಹರಳಾದರೂ ಹೆಚ್ಚು ಕಡಿಮೆ ಇರಬೇಕಲ್ಲ ಎಂದ. ನಿನ್ನ ಮಾತು ಕೇಳಲೆಂದೇ ಹೊಳೆ ದಾಟಿ ಬಂದೆ ಎಂದ. ಅವಳು ನಕ್ಕು, ಚೆನ್ನಾಗಿದೆ ಎಂದೇ ಮತ್ತೆ ಹೇಳಿದಳು. ಪಾತ್ರೆಯನ್ನು ತೊಳೆಸಿ, ಬರಿದಾಗಿ ಕೊಡಬಾರದೆಂದು ನಾಲ್ಕು ಹೂವು ಹಾಕಿ ಕೊಟ್ಟಳು.

ದೋಣಿಯಲ್ಲಿ ಅವನು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತ. ಹುಳಿ ನಿಜವಾಗಿ ಚೆನ್ನಾಗಿತ್ತೋ, ಅವಳು ಸುಮ್ಮನೆ ಹಾಗೆ ಹೇಳಿದಳೋ, ಅವನಿಗೆ ತಿಳಿಯುವ ದಾರಿ ಇರಲಿಲ್ಲ. ಆ ಮಾತನ್ನು ಅವಳಿಗೆ ಕಲಿಸಿದವನು ಅವನೇ.

ಮರುದಿನವೂ ಅವನು ಒಲೆ ಹೊತ್ತಿಸಿದ. ಬೇಳೆ ಬೆಂದಿತು, ಕೊಪ್ಪರಿಗೆ ಕುದಿಯಿತು. ಉಪ್ಪು ತೆಗೆದ ಕೈ ಆವಿಯ ಮೇಲೆ ಹಾಗೇ ನಿಂತಿತು. ಒಳಗೆ ನೈವೇದ್ಯಕ್ಕೆ ಹೊತ್ತಾಗುತ್ತಿತ್ತು. ಸಹಾಯಕರು ಸುತ್ತ ನಿಂತು ನೋಡುತ್ತಿದ್ದರು. ಯಾರೂ ಏನೂ ಹೇಳಲಿಲ್ಲ.

ವಾರಿಜಮ್ಮ ಅಲ್ಲಿಗೆ ನಿಲ್ಲಿಸಿದರು. ಶರ್ವಾಣಿ ಆಮೇಲೆ ಏನಾಯಿತು ಎಂದು ಕೇಳಿದಳು. ಆಮೇಲೆ ಏನೂ ಇಲ್ಲ, ಅವನು ಸಾಯುವ ತನಕ ಅಡುಗೆ ಮಾಡಿದ ಎಂದರು. ಒಂದು ಕಾಗದ ತೆಗೆದುಕೋ ಎಂದರು. ಶರ್ವಾಣಿ ಕಾಗದವನ್ನೂ ಪೆನ್ನನ್ನೂ ತಂದು, ಕತೆಯ ಸಾರವನ್ನು ಹೇಳುತ್ತಾರೆಂದು ಕಾದು ಕೂತಳು.

"ನಿನ್ನ ತಪ್ಪನ್ನು ನಿನ್ನ ಮುಖಕ್ಕೆ ಕೊನೆಯ ಸಲ ಹೇಳಿದವರ ಹೆಸರು ಬರೆ, ಮಗಾ."

ಶರ್ವಾಣಿಗೆ ಹೆಸರು ಗೊತ್ತಿತ್ತು. ಅವರಿಗೆ ಅಂದು ತಾನು ಕೊಟ್ಟ ಉತ್ತರವೂ ನೆನಪಿತ್ತು. ಪೆನ್ನು ಕಾಗದದ ಮೇಲೆ ಇಳಿಯಲಿಲ್ಲ.